ಒಂಬತ್ತು ಕೌದಿ ಮನಿ

"ಇಪ್ಪತ್ತೈದು ಚೌರಸ ಮೀಟರ್"
ಅಂತ ಮರಾಠಿಯೊಳಗ ಓದಿದ ಗ್ರಾಮಸೇವಕ.
ದಾವಲಬಿ ನನ್ನ ಮಾರಿ ನೋಡಿದ್ಳು.
ಫೂಟಿಗೆ ಇಳಿಸಿ ಹೇಳಿದೆ: ಎರಡನೂರಾ ಅರವತ್ತೊಂಬತ್ತು.
ಅದೂ ತಲಿಗೆ ಹತ್ತಲಿಲ್ಲ.
ಕಡೀಕ ಆಕೀನ ಕೇಳಿದ್ಳು,
"ಎಷ್ಟು ಕೌದಿ ಹಾಸಬಹುದು, ಸಾಯಬಣ್ಣಾ?"

ಆಕಿ ಹೊಲಿಯೋ ಕೌದಿ ಆರು ಫೂಟು ಉದ್ದ, ಐದು ಅಗಲ.
ಕರ್ಣಿ ತುದೀಲೆ ಮಣ್ಣಾಗ ಗುಣಿಸಿದೆ.
ಒಂಬತ್ತು.
ಒಂದು ಫೂಟು ಜಾಗಾ ಕಡಿಮಿ ಬೀಳತೈತಿ ಅಂದೆ.
"ಬೀಳವಲ್ದ್ಯಾಕ, ಅಂಚು ಮಡಚತೀನಿ."

ಬೋರಿ ದಂಡಿಗೆ ಆಕಿ ಹಳೇ ಮನಿ.
ಮೂರು ಕಡೆ ಮಣ್ಣಿನ ಗ್ವಾಡಿ, ತಲಿ ಮ್ಯಾಲ ತೂತು ಬಿದ್ದ ಪತ್ರಾ,
ನಾಲ್ಕನೇ ಗ್ವಾಡಿ ಅಕ್ಕಲಕೋಟಿ ಬಜಾರದ ಬ್ಯಾನರ್:
ಹುಟ್ಟುಹಬ್ಬದ ಯಾವನೋ ಸಾಹೇಬ
ಗಾಳಿ ಬಿಟ್ಟಾಗೊಮ್ಮೆ ಹೊಟ್ಟಿ ಉಬ್ಬಸ್ತಿದ್ದ.
ಹೋದ ಶ್ರಾವಣದಾಗ ನಡುರಾತ್ರಿ ಒಂದು ಗ್ವಾಡಿ ಕುಂತಿತು.
ಸೂಜಿ ಡಬ್ಬಿ ಸಿಕ್ತು.
ಆಡಿನ ಮರಿ ಸಿಕ್ತು, ಉಸಿರು ಸಿಗಲಿಲ್ಲ.
ಮಗಳು ಅವತ್ತು ಅಜ್ಜಿ ಊರಾಗ ಇದ್ಲು.
ಅದನ್ನ ದಾವಲಬಿ ಯಾವಾಗ್ಲೂ ಅರ್ಧಕ್ಕ ನಿಂದರಸ್ತಾಳ.

ರೇಷನ್ ಕಾರ್ಡಿನ್ಯಾಗ ದಾವಲಬಿ,
ಆಧಾರದಾಗ ದೌಲತಬಿ,
ಬ್ಯಾಂಕಿನ್ಯಾಗ ಮತ್ತೊಬ್ಬಾಕಿ.
ಮೂವರೂ ಒಬ್ಬಾಕೀನ ಅಂತ ಬರಸಾಕ
ನಾಲ್ಕು ಸಲ ಎಸ್.ಟಿ. ಹತ್ತಿದ್ಳು.
ನಾಲ್ಕು ದಿನದ ಹೊಲಿಗಿ ಹ್ವಾತು.

ಮೊದಲ ಹಪ್ತಾ ಪಾಯಾ ನುಂಗಿತು.
ಬಾಗಲದ ಎತ್ತರಕ್ಕ ಬರೂದ್ರಾಗ ಚೀಲ ಖಾಲಿ.
"ಬಗ್ಗಿ ಬಗ್ಗಿ ಸವದ ಬೆನ್ನು ಇದು.
ಅಡಗಿ ಆದ್ರೂ ನಿಂತು ಮಾಡ್ತೀನಿ, ಕಟ್ಟಿ ಹಾಕು" ಅಂದ್ಳು.
ನಾನು ಸಳಿ ಬೇಕು ಅಂದೆ.
ಗ್ವಾಡಿ ಸುತ್ತ ಒಂದು ಪಟ್ಟಿ, ನಾಲ್ಕು ಸಳಿ, ಮ್ಯಾಲ ಕಾಂಕ್ರೀಟ.
"ಒಳಗ ಮುಚ್ಚೋ ಕಬ್ಬಿಣಕ್ಕ ರೊಕ್ಕ ಯಾಕ?
ಅದನ್ನ ಯಾರು ನೋಡ್ತಾರ?"

ಹದಿನಾಲ್ಕು ನನಗ, ಕಿಲ್ಲಾರಿಗೆ ಹೋದಾಗ.
ಗಣಪತಿ ಕಳಸಿ ಮಲಗಿದ ಊರು ಅದು.
ಅಪ್ಪ ಕೆಲಸ ಅದ ಅಂತ ಕರಕೊಂಡು ಹೋಗಿದ್ದ.
ಎತ್ತು ಹಾಯ್ದರೂ ಅಲುಗದ ಗ್ವಾಡಿ,
ಎರಡು ಮಾರು ದಪ್ಪ,
ಜ್ವಾಳದ ಚೀಲ ಹರಿದಂಗ ಹರಿದು ಬಿದ್ದಿದ್ವು.
ಒಂದು ಒಲಿ ಮ್ಯಾಲ ಹಂಚು ಹಂಗ ಇತ್ತು.
ಅಪ್ಪ ಬೀಡಿ ಹಚ್ಚಲಿಲ್ಲ ಅವತ್ತು.
"ದಪ್ಪ ಅಂದ್ರ ಗಟ್ಟಿ ಅಲ್ಲೋ" ಅಂದ, ಅಷ್ಟ.

ಇದನ್ನೆಲ್ಲ ಆಕಿಗೆ ಹೇಳಲಿಲ್ಲ.
ಆಕಿ ತೊಡಿ ಮ್ಯಾಲಿದ್ದ ಕೌದಿ ತೋರಿಸಿ ಕೇಳಿದೆ,
"ನಡುವ ಇಷ್ಟು ಹೊಲದ ಮ್ಯಾಲ
ಸುತ್ತ ಮತ್ತ ಅಂಚಿನ ಹೊಲಿಗಿ ಯಾಕ?"
ಸೂಜಿ ನಿಂತಿತು.
ದಾರ ಹಲ್ಲಿನ್ಯಾಗ ಹರಿದ್ಳು.
"ಹಾಕು" ಅಂದ್ಳು.

ಫೋಟೋ ತಗಿಯಾಕ ಇಂಜಿನಿಯರ್ ಹುಡುಗಿ ಬಂದ್ಳು.
"ಮಾವಶಿ, ತುಸು ಸರೀರಿ, ಮನಿ ಕಾಣಬೇಕು."
ಫೋಟೋದಾಗ ಗ್ವಾಡಿ ಬಂತು, ಆಕಾಶ ಬಂತು,
ದಾವಲಬಿಯ ಅರ್ಧ ಸೆರಗು ಬಂತು.
ಸಳಿ ಬರಲಿಲ್ಲ.

ಕಡೀ ಹಪ್ತಾ ಇನ್ನೂ ದಾರ್ಯಾಗ ಐತಿ,
ನನ್ನ ಕೂಲಿನೂ ಅದರ ಜೋಡಿ.
ಯಾರದೋ ಪಾಯರಿಯ ಮುರಿದ ಶಹಾಬಾದಿ ಫರಸಿ ತಂದು
ಉಳಿದ ಇಟ್ಟಂಗಿ ಮ್ಯಾಲ ಇಟ್ಟೆ.
ಕಟ್ಟಿ ಅಂದ್ರ ಕಟ್ಟಿ.
ಒಂದು ಕಡೆ ಅಲುಗತೈತಿ,
ಆಕಿ ಸಂದ್ಯಾಗ ಚಿಂದಿ ಸೇರಿಸ್ಯಾಳ.

ಹೊಸ್ತಿಲ ದಾಟಿದ ದಿನ ಕೌದಿ ಹಾಸಿದ್ಳು.
ಏಳಕ್ಕ ನೆಲ ಮುಗೀತು.
ಗ್ವಾಡಿ ದಪ್ಪ ನಾನು ಲೆಕ್ಕಕ್ಕ ಹಿಡದಿರಲಿಲ್ಲ,
ಮೂವತ್ತು ವರ್ಷದ ಗವಂಡಿ ನಾನು, ನಾಚಿಕಿ ಆತು.
ದಾವಲಬಿ ನಕ್ಕಳು.
ಕದ ಇಲ್ಲದ ಬಾಗಲಕ್ಕ ಎಂಟನೇದು ಕಟ್ಟಿದ್ಳು.
ಒಂಬತ್ತನೇದು ನನ್ನ ಹೆಗಲ ಮ್ಯಾಲ ಒಗದ್ಳು.
"ಕೂಲಿ ಬರೂತನ ಹೊದ್ಕೋ."

ದಾರ್ಯಾಗ ಹೆಬ್ಬಟ್ಟಿಲೆ ಅಂಚು ತಿಕ್ಕಿ ನೋಡಿದೆ.
ಹೊಲಿಗಿ ಎರಡು ಸುತ್ತು ಇತ್ತು.