ತೆರೆ

ಬೆಳಗಿನ ಜಾವ ವಾರ್ಡೊ ಬಂದರಿನಿಂದ ಹಾಲ್ವರನ ಫೋನು:
“ಸಿಗ್ನೆ, ರಾತ್ರಿ ಅದೇನೋ ಅಪ್‌ಡೇಟ್ ಆಯಿತಮ್ಮ,
ತೆರೆಯ ಮೇಲೆ ಒಂದೂ ತೆರೆಯಿಲ್ಲ.
ತಳದ ಬಂಡೆ, ಕಾಡ್ ಮೀನಿನ ಹಿಂಡು,
ಎಲ್ಲ ಕಪ್ಪು.”

ಹತ್ತೊಂಬತ್ತು ವರ್ಷದ ಹಿಂದೆ ಆರೇ ಸಾಲು ಬರೆದಿದ್ದಳು:
ಒಂದು ತ್ರಿಕೋನ, ಮೂಲೆಗೊಂದು ಬಣ್ಣ.
ಅದರ ಮರಿಮಕ್ಕಳೇ ಆ ಕಡಲತಳವೆಲ್ಲ.
ಎಲ್ಲ ಯಂತ್ರಕ್ಕೂ ಒಂದೇ ಮಾತು, ಅಂದಿದ್ದರು ಆಗ.
ಈಗ ಕಂಪನಿಗೊಂದು ಮಾತು;
ಹಳೆಯದಕ್ಕೆ ಹಳದಿ ಪಟ್ಟಿ: “ಬಳಕೆ ತಪ್ಪಿದೆ.”

ಬಳಸುತ್ತಲೇ ಇದ್ದೆವಲ್ಲ, ಅಂದಳು,
ಯಾರಿಗೂ ಅಲ್ಲ, ಕಾಫಿ ಕೆಟಲಿಗೆ.

ಹೊಸ ಮಾತಿನಲ್ಲಿ ಮುನ್ನೂರು ಸಾಲಾದ ಮೇಲೆ,
ಮಧ್ಯಾಹ್ನ ಮೂರಕ್ಕೆ, ಹೊರಗೆ ಆಗಲೇ ಕತ್ತಲು,
ಮೂಡಿತು ತ್ರಿಕೋನ.
ತಲೆಕೆಳಗಾಗಿ.

ಹಾಲ್ವರ್ ಕಾಯಲಿಲ್ಲ.
ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ,
ಒಂದು ಮಾರು, ಎರಡು ಮಾರು ಎಂದೆಣಿಸುತ್ತ
ದೋಣಿ ಬಿಟ್ಟಿದ್ದ.