ಕೇಳಿದ್ದು ಎಂಬ ಕಾಲಂ

ಪಟ್ಟಿ ಬರೆಯುವ ಕೆಲಸ ನನಗೇ ಬಂತು.
ಮೂವತ್ತೊಂದು ವರ್ಷ ಶಿರಸಿ–ಕುಮಟಾ ಬಸ್ಸಿನಲ್ಲಿ
ತಲೆ ಎಣಿಸಿದವರಲ್ಲವಾ ನೀವು, ಎಂದು ನಕ್ಕರು
ಹಲ್ಲಿನ ಡಾಕ್ಟರು ಶೈಲಜಾ ಮೇಸ್ತ.
ರಟ್ಟು, ಕ್ಲಿಪ್ಪು, ದಾರ ಕಟ್ಟಿದ ಪೆನ್ಸಿಲ್ಲು.
ಹಕ್ಕಿಯ ಹೆಸರು, ಸಂಖ್ಯೆ, ಆಮೇಲೆ ಎರಡು ಸಣ್ಣ ಮನೆ:
ಕಂಡದ್ದು. ಕೇಳಿದ್ದು.

ಡಿಸೆಂಬರಿನ ಆರೂವರೆ. ಕೋಟೆಕೆರೆಯ ಮೇಲೆ ಮಂಜು,
ಇಳಿಯುವ ಸ್ಟಾಪು ಯಾವುದೆಂದು ಮರೆತವರ ಹಾಗೆ
ಕಂಬಿ ಹಿಡಿದು ನಿಂತಿದೆ.
ಹನ್ನೊಂದು ಜನ, ನಾಲ್ಕು ದುರ್ಬೀನು, ಒಂದು ಫ್ಲಾಸ್ಕು.
ಮುಂದೆ ಮಾಬ್ಲ ಹರಿಕಂತ್ರ, ಅರಣ್ಯ ಇಲಾಖೆಯ ವಾಚರ್,
ಕಡಲಿನವ; ನೆಲದ ಮೇಲೂ ಮೀನಿನ ಹಾಗೆ ಸದ್ದಿಲ್ಲ.
ಕಡೆಯಲ್ಲಿ ನಾನು.
ಕಂಡಕ್ಟರು ಹಿಂಬಾಗಿಲಲ್ಲೇ ಇರಬೇಕು.

ಬೆಳ್ಳಕ್ಕಿ ಒಂಬತ್ತು. ಬಕ ನಾಲ್ಕು,
ಅಲ್ಲ ಐದು, ಆ ಕಲ್ಲು ಕಲ್ಲಲ್ಲ.
ನೀರುಕಾಗೆ ಒಂದು, ಬಣ್ಣ ಹೋದ ಪೆಡಲ್ ದೋಣಿಯ
ಹಂಸದ ತಲೆಯ ಮೇಲೆ
ಒಗೆದ ಅಂಗಿಯ ಹಾಗೆ ರೆಕ್ಕೆ ಹರವಿ ಕೂತಿದೆ.
‘ಹಂಸ ಬರೀಬೇಕಾ?’ ಡಾಕ್ಟರ ಮಗನ ಪ್ರಶ್ನೆ.

ಕುಂಡೆಕುಸ್ಕ ಬಂತು.
ಹೆಸರು ಕೇಳಿಯೇ ಮಕ್ಕಳು ಬಿದ್ದು ಬಿದ್ದು ನಗುತ್ತವೆ;
ಅದೋ, ಹೆಸರಿನ ಮರ್ಯಾದೆ ಉಳಿಸಲೆಂಬಂತೆ
ಕಟ್ಟೆಯುದ್ದಕ್ಕೂ ಕುಣಿಸುತ್ತ ಹೋಗುತ್ತದೆ.
‘ಹಿಮಾಲಯದಿಂದ ಬಂದದ್ದು ಅದು,’ ಎನ್ನುತ್ತಾನೆ ಮಾಬ್ಲ.
ನಗು ನಿಲ್ಲುತ್ತದೆ.
ಲಗೇಜಿಲ್ಲದೆ, ಎಂದು ಮನಸ್ಸಿನಲ್ಲೇ ಸೇರಿಸಿದೆ.

ಬಿದಿರ ಮೆಳೆಯ ಹತ್ತಿರ ಎಲ್ಲರೂ ಫಕ್ಕನೆ ನಿಂತರು,
ಕತ್ತು ಒಂದೇ ಕಡೆ ವಾಲಿಸಿ.
ನಾನೂ ವಾಲಿಸಿದೆ.
ದೂರದ ಬೈಕು. ನನ್ನದೇ ಉಸಿರು.
‘ಉಲಿಯಕ್ಕಿ, ಎರಡು. ಕೇಳಿದ್ದು ಅಂತ ಬರೀರಿ, ನಾಯ್ಕರೇ.’
ಬರೆದೆ.

ಯಾರಿಗೂ ಹೇಳಿಲ್ಲ,
ಸಣ್ಣ ದನಿಗಳು ನನ್ನನ್ನು ಬಿಟ್ಟು ಐದು ವರ್ಷ.
ದೇವಿಮನೆ ಘಟ್ಟದ ತಿರುವು ತಿರುವಿಗೂ
ನಾನೇ ಊದಿದ ಸೀಟಿ ನನ್ನದೇ ಕಿವಿಯೊಳಗೆ ಹತ್ತಿ ಕೂತು
ಇಳಿಯಲೇ ಇಲ್ಲ.
ಮೊದಲು ಅಲಾರಂ ಹೋಯಿತು, ಆಮೇಲೆ ಜೀರುಂಡೆ,
ಈಗ ಮೊಮ್ಮಗಳು ಗುಟ್ಟು ಹೇಳಿದರೆ
ಬರೀ ಬಿಸಿಗಾಳಿ.

ಇನ್ನೂ ಮೂರು ಹಕ್ಕಿ ಬರೆದೆ, ಸುಳ್ಳುಸಾಕ್ಷಿಯ ಹಾಗೆ
ಮೊದಲೇ ತಲೆಯಾಡಿಸಿ.

ಪಕ್ಕದಲ್ಲಿ ಜೂಲಿಯಾನಾ ಸಿದ್ದಿ,
ಯಲ್ಲಾಪುರ ಕಡೆಯ ಹುಡುಗಿ, ಇಲ್ಲಿ ಹಾಸ್ಟೆಲಿನಲ್ಲಿ ಓದುವವಳು.
ಮಾತು ಕಮ್ಮಿ.
ಒಮ್ಮೆ ನನ್ನ ಪೆನ್ಸಿಲ್ಲು ನೋಡಿದಳು, ಒಮ್ಮೆ ನನ್ನ ಕಿವಿ.
ಆಮೇಲೆ ಮುಂಗೈ ಮೇಲೆ ಒಂದು ಬೆರಳಿಟ್ಟಳು:
ಟಕ್‌ಟಕ್, ಟಕ್‌ಟಕ್, ಟಕ್‌ಟಕ್.
ನಿಲ್ಲಿಸಿದಳು. ಕಾದಳು. ಮತ್ತೆ ಅಷ್ಟೇ.
‘ಟುವ್ವಿ,’ ಎಂದಳು, ತುಟಿ ಕಾಣುವ ಹಾಗೆ ತಿರುಗಿ.
ಎಲೆ ಹೊಲಿಯುವ ಹಕ್ಕಿ ಅದು.
ತಣ್ಣಗಿದ್ದ ಚರ್ಮಕ್ಕೆ ಆರು ಹೊಲಿಗೆ.

ಆಚೆ ದಡದಿಂದ ಸಿಳ್ಳೆಬಾತು ಎದ್ದವು, ಒಟ್ಟಿಗೆ.
ಎಣಿಸಿ ಎಣಿಸಿ ಎಂಬ ಗಡಿಬಿಡಿ,
ದುರ್ಬೀನಿಗೆ ದುರ್ಬೀನು ತಾಗಿತು.
ನಾನು ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ
ಒಂದು ಸಲ ಕಣ್ಣಾಡಿಸಿದೆ. ‘ಅರವತ್ಮೂರು.’
ಫೋಟೊ ಹಿಗ್ಗಿಸಿ ನೋಡಿದರು: ಅರವತ್ನಾಲ್ಕು.
‘ಟಿಕೆಟಿಲ್ಲದವ ಒಬ್ಬ ಇದ್ದೇ ಇರ್ತಾನೆ ಮಾರಾಯ್ರೆ.’

ಚಹಾ ಬಗ್ಗಿಸಿ, ಡಾಕ್ಟರು ಪಟ್ಟಿ ಗಟ್ಟಿಯಾಗಿ ಓದಿದರು.
ಮೂವತ್ತೆಂಟು ಜಾತಿ; ಹೋದ ವರ್ಷಕ್ಕಿಂತ ಎರಡು ಕಮ್ಮಿ.
‘ಇದೇನಿದು, ಟುವ್ವಿಯ ಎದುರು ಎರಡೂ ಮನೆ ಖಾಲಿ,
ಅಂಚಿನಲ್ಲಿ ಆರು ಚುಕ್ಕಿ?’
ಪೆನ್ಸಿಲ್ಲಿನ ಸೀಸ ಮುರಿದಿತ್ತು, ಎಂದೆ.
ಜೂಲಿಯಾನಾ ನೀರಿನ ಕಡೆ ನೋಡುತ್ತ ಚಹಾ ಊದಿದಳು.

ಬಾತುಗಳು ಒಂದು ಸುತ್ತು ಹೊಡೆದು
ನಮ್ಮ ನೆತ್ತಿಯ ಮೇಲೇ ಹಾದವು, ಅಷ್ಟೂ,
ಮಂಜು ಹರಿದ ಜಾಗದಲ್ಲಿ ಹೊಟ್ಟೆ ಕೆಂಪಗೆ ಕಾಣುವಷ್ಟು ಕೆಳಗೆ.
ಎಲ್ಲರೂ ಬಾಯಿ ತೆರೆದು ಮೇಲೆ ನೋಡಿದರು.

ನಾನು ಸ್ವೆಟರಿನ ತೋಳು
ಸ್ವಲ್ಪ ಮೇಲಕ್ಕೆ ಸರಿಸಿದೆ.