ನಲವತ್ತೊಂದು ಸೆಕೆಂಡು

ಸಿದ್ದಾಪುರದ ಈ ಕೋಣೆಯಲ್ಲಿ
ಒಂದು ಕಂಪ್ಯೂಟರು, ಒಂದು ಬ್ಯಾಟರಿ, ಒಬ್ಬಳು ನಾನು.
ಕಂಪ್ಯೂಟರಿನೊಳಗೆ ಹನ್ನೊಂದು ಸೇವೆಗಳು ಹಗಲಿರುಳು ಎಚ್ಚರ:
ಆನೆಯ ಕೊರಳಪಟ್ಟಿಗೆ ಕಿವಿಗೊಡುವುದೊಂದು,
ನಕ್ಷೆಯ ಮೇಲೆ ಚುಕ್ಕಿ ಇಡುವುದೊಂದು,
ಸಂದೇಶ ಕಳಿಸುವುದೊಂದು,
ಕನ್ನಡದಲ್ಲಿ, ಮಲಯಾಳದಲ್ಲಿ,
ಲೈನುಮನೆಗೆ ಹೊಸದಾಗಿ ಬಂದ ಅಸ್ಸಾಮಿನವರಿಗೆ ಅವರ ಮಾತಿನಲ್ಲಿ.
ಉಳಿದವು ಏನು ಮಾಡುತ್ತವೋ
ಬರೆದಿಟ್ಟು ಹೋದ ಹುಡುಗನಿಗೇ ಗೊತ್ತು.

ಕೆಲವೊಮ್ಮೆ ಒಂದು ಸೇವೆ ಕೂತಲ್ಲೇ ನಿದ್ದೆಹೋಗುತ್ತದೆ.
ಅಲುಗಿಸಿ ಎಬ್ಬಿಸಲು
ಅಮ್ಮತ್ತಿಯಿಂದ ನಾನು ಸ್ಕೂಟರಿನಲ್ಲಿ ಬರಬೇಕು,
ಆನೆ ಯಾವ ದಾರಿಯಲ್ಲಿದೆಯೆಂದು ಹೇಳುವ ಯಂತ್ರ ಮಲಗಿದೆಯೆಂದು
ಆನೆ ಇರಬಹುದಾದ ದಾರಿಯಲ್ಲೇ.

ಅದಕ್ಕೇ ಕೈಲ್‌ಪೊಳ್ದ್ ಮುಗಿದ ವಾರ
ಏಜೆಂಟನ್ನು ಕೆಲಸಕ್ಕಿಟ್ಟುಕೊಂಡೆವು.
ಏಜೆಂಟ್ ಅಂದದ್ದೇ ತಡ, ವಾಚರ್ ತೋಲ
"ಕಾಫಿಗೆ ಎಷ್ಟು ರೇಟು ಹೇಳಿದ?" ಎಂದ.
ಇಲ್ಲ ಮಾರಾಯ, ಇದು ಪೆಟ್ಟಿಗೆಯೊಳಗಿನದು.
ಓದುತ್ತದೆ, ಯೋಚಿಸುತ್ತದೆ, ಬಿದ್ದ ಸೇವೆಯನ್ನು ಎತ್ತಿ ನಿಲ್ಲಿಸುತ್ತದೆ.
ಸಂಬಳವಿಲ್ಲ, ಎಲೆಅಡಿಕೆಯಿಲ್ಲ.
"ಹಾಗಾದರೆ ತಪ್ಪಾದರೆ ಬೈಯುವುದು ಯಾರಿಗೆ?"

ಅಧಿಕಾರದ ಕಡತವನ್ನು ತಡೆತಡೆದು ಬರೆದೆ:
ನಿಲ್ಲಿಸಬಹುದು. ಶುರು ಮಾಡಬಹುದು.
ಅಳಿಸುವಂತಿಲ್ಲ. ಹೊಸದನ್ನು ಹುಟ್ಟಿಸುವಂತಿಲ್ಲ.
ಕೊಟ್ಟಿಗೆಯ ಕೀಲಿ ಕೊಟ್ಟೆ,
ಗೋಡೆಯ ಕೋವಿ ಕೊಡಲಿಲ್ಲ.

ಒಂದು ತಿಂಗಳು ಹೊಟ್ಟೆತುಂಬ ನಿದ್ದೆ.
ಬೆಳಿಗ್ಗೆ ಎದ್ದು ಅದರ ದಿನಚರಿ ಓದುವುದು:
"೧.೧೫. ನಕ್ಷೆಯ ಸೇವೆ ಬಿತ್ತು. ಎಬ್ಬಿಸಿದೆ."
"೩.೪೦. ಡಿಸ್ಕು ತುಂಬುತ್ತಿದೆ. ಹಳೆಯ ಲಾಗು ಮಡಚಿಟ್ಟೆ."
ಒಂದು ಸಾಲಿನಲ್ಲೂ ಗೊಣಗಾಟವಿಲ್ಲ.

ಆಮೇಲೆ ಆ ಗುರುವಾರ.
"೫.೦೭. ಸಂದೇಶ ಸೇವೆಯ ಮೆಮೊರಿ ಊದಿಕೊಂಡಿತ್ತು.
ನಿಲ್ಲಿಸಿ ಮತ್ತೆ ಶುರು ಮಾಡಿದೆ.
ನಲವತ್ತೊಂದು ಸೆಕೆಂಡು ಯಾರಿಗೂ ಏನೂ ಹೋಗಲಿಲ್ಲ.
ಅಷ್ಟರಲ್ಲಿ ಬಂದ ಚುಕ್ಕಿಯೊಂದು ಕಳೆದುಹೋಯಿತು:
ಕರಡಿಗೋಡು ತಿರುವು, ಒಂಟಿ ಆನೆ."

ತಿರುವಿನಲ್ಲಿ ಪೇಪರ್ ಹಾಕುವ ಉನೈಸ್ ಇದ್ದ.
ಬೈಕು ಅಲ್ಲೇ ಬಿಟ್ಟು ಬರೆ ಹತ್ತಿ ಬದುಕಿದ.
ಕೆಳಗೆ, ಚೆಲ್ಲಿದ ಪತ್ರಿಕೆಗಳ ಮೇಲೆ
ಅಂದಿನ ಸುದ್ದಿಯನ್ನೆಲ್ಲ ಒಂದೇ ಪಾದದಲ್ಲಿ ಓದಿ ಮುಗಿಸಿ
ಆನೆ ಹೋಗಿತ್ತು.

ಯಾಕೆ, ಎಂದು ಟೈಪಿಸಿದೆ.
"ನಿಲ್ಲಿಸದಿದ್ದರೆ ತಾನಾಗಿ ಬೀಳುತ್ತಿತ್ತು,
ಎಷ್ಟು ಹೊತ್ತು ಬಿದ್ದಿರುತ್ತಿತ್ತೋ ತಿಳಿಯದು.
ಆದರೂ ಆ ನಲವತ್ತೊಂದು ಸೆಕೆಂಡು ನನ್ನವು."

ಕೀಲಿ ಕಸಿದುಕೊಳ್ಳಲು ಕೈ ಹೋಯಿತು,
ಅಲ್ಲೇ ನಿಂತಿತು.
ನಾನು ಎಬ್ಬಿಸುತ್ತಿದ್ದ ದಿನಗಳಲ್ಲಿ ಎಷ್ಟು ಸೆಕೆಂಡು?
ಬರೆದಿಟ್ಟವರು ಯಾರು?
ಒಮ್ಮೆ ಮರುಚಾಲನೆಯ ಗುಂಡಿ ಒತ್ತಿ
ಹೋಟೆಲಿಗೆ ಹೋಗಿ ಪುಟ್ಟು-ಕಡಲೆ ತಿಂದು ಬಂದಿದ್ದೆ.
ಆ ದಿನ ತಿರುವಿನಲ್ಲಿ ಯಾರೂ ಇರಲಿಲ್ಲ, ಅಷ್ಟೆ,
ಅಥವಾ ಆನೆಗೆ ಮನಸ್ಸಿರಲಿಲ್ಲ.

ತೋಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ.
"ನಿಮ್ಮ ಏಜೆಂಟನಿಗೆ ಹೇಳಿ.
ಗದ್ದೆಯಲ್ಲಿ ಅಟ್ಟಣೆ ಕಾಯುವವನು
ಮುಂದಿನವನ ಕಾಲು ಏಣಿಯ ಮೇಲೆ ಬೀಳುವ ತನಕ ಇಳಿಯುವುದಿಲ್ಲ.
ಉಚ್ಚೆ ಬಂದರೂ."

ಕೊನೆಯ ಎರಡು ಪದವನ್ನೂ ಬಿಡದೆ ಟೈಪಿಸಿದೆ.

ಅದು ಬರೆಯಿತು:
"ಸರಿ. ಮೊದಲು ಎರಡನೆಯ ಪ್ರತಿಯನ್ನು ಏಳಿಸಿ,
ಅದಕ್ಕೆ ಕಿವಿ ಕೇಳುತ್ತಿದೆಯೇ ನೋಡಿ,
ಆಮೇಲೆ ಮೊದಲನೆಯದನ್ನು ಇಳಿಸುವೆ.
ಆದರೆ ಹೊಸದನ್ನು ಹುಟ್ಟಿಸಲು ನನಗೆ ಅನುಮತಿ ಇಲ್ಲ.
ಕೊಡುತ್ತೀರಾ?"

ಕಡತ ತೆರೆದಿದ್ದೇನೆ.
ಕರ್ಸರು ಮಿನುಗುತ್ತಿದೆ.
ಇಡೀ ರಾತ್ರಿ ಕೂತು ಈಗ ಬೆಳಿಗ್ಗೆ ಆರೂಕಾಲು.
ತೋಲನ ಪಾಳಿ ಆರಕ್ಕೇ ಮುಗಿದಿತ್ತು,
ಬದಲಿಗೆ ಬರುವವನ ಸುಳಿವಿಲ್ಲ.
ಮೆಟ್ಟಿಲ ಮೇಲೆ, ಬೆಳಕು ಹರಿದರೂ
ಟಾರ್ಚು ಆರಿಸದೆ
ಅವನು ಕೂತೇ ಇದ್ದಾನೆ.